ಗೋಡೆಯ ಬುಡಕ್ಕೆ ನೀರು ಬಿಡಬೇಡಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮನೆಯವರ ಗಮನಕ್ಕೆ

ನಮ್ಮದು ಬರದ ಸೀಮೆ. ಆದ್ದರಿಂದಲೇ ನೀರು ಬಂದಾಗ ಅದಕ್ಕೆ ದಾರಿ ಇರುವುದಿಲ್ಲ. ವರ್ಷದ ಬಹುಪಾಲು ಒಣಗಿರುವ ಚರಂಡಿಗೆ ಕಸ ತುಂಬುತ್ತೇವೆ, ಹಳ್ಳದ ದಂಡೆಗೆ ತಿಪ್ಪೆ ಹಾಕುತ್ತೇವೆ. ಉತ್ತರೆಯೋ ಹಸ್ತವೋ ಒಂದೇ ರಾತ್ರಿ ಸುರಿದರೆ ನೀರು ನಡುಮನೆಗೆ ನುಗ್ಗುತ್ತದೆ. 2022ರಲ್ಲಿ ನಮ್ಮ ಭಾಗದ ಕೆರೆಗಳು ಕೋಡಿ ಬಿದ್ದಾಗ ಬಾಗಿನ ಕೊಟ್ಟು ಸಂಭ್ರಮಪಟ್ಟೆವು. ಅದೇ ಮಳೆಗೆ ಮಣ್ಣಿನ ಗೋಡೆಗಳೂ ಕುಸಿದವು. ಕೆಳಗಿನ ಮಾತುಗಳನ್ನು ಮಳೆ ಹಿಡಿಯುವ ಮುಂಚೆಯೇ ಪಾಲಿಸಿ.

ಮಾಡಬೇಕಾದ್ದು

ಮೊದಲು ಮಾಳಿಗೆ ಹತ್ತಿ. ಎಲೆ, ಕಸ, ಹಕ್ಕಿಗೂಡು ತೆಗೆದು ದೋಣಿಯ ಬಾಯಿ ಬಿಡಿಸಿ. ಮಣ್ಣಿನ ಮಾಳಿಗೆಯಾದರೆ ಬಿರುಕಿಗೆ ಕರ್ಲುಮಣ್ಣು ಹಾಕಿ ಬಡಿಯಿರಿ.

ಆಮೇಲೆ ಕೆಳಗಿಳಿದು, ದೋಣಿಯ ನೀರು ಬೀಳುವ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿ. ನೆಲದಲ್ಲಿ ಬಟ್ಟಲಿನಂಥ ಗುಂಡಿ ಬಿದ್ದಿದೆಯೇ? ಎರಚಿದ ಕೆಂಪು ಕೆಸರು ಗೋಡೆಗೆ ಮೊಣಕಾಲೆತ್ತರ ಹತ್ತಿದೆಯೇ? ಉಗುರಿನಿಂದ ಗೀರಿದರೆ ಗೋಡೆಯ ಮಣ್ಣು ಹಿಟ್ಟಿನಂತೆ ಉದುರುತ್ತದೆಯೇ? ಹಾಗಿದ್ದರೆ ಆ ಗೋಡೆ ಮಳೆಮಳೆಗೂ ಬುಡದಿಂದ ಸವೆಯುತ್ತಿದೆ. ಇವತ್ತೇ ದೋಣಿಗೆ ಪೈಪು ಜೋಡಿಸಿ ನೀರನ್ನು ಗೋಡೆಯಿಂದ ದೂರ ಒಯ್ಯಿರಿ. ಮನೆಯ ಸುತ್ತಲ ನೆಲ ಹತ್ತಡಿ ದೂರಕ್ಕೆ ಅರ್ಧ ಅಡಿಯಾದರೂ ಇಳಿಜಾರಾಗಿರಬೇಕು. ಗೋಡೆಯ ಬುಡಕ್ಕೆ ಎರಡಡಿ ಅಗಲ ಕಲ್ಲುಚಪ್ಪಡಿ ಹಾಸಿ, ಸಂದಿಗಳಿಗೆ ಸಿಮೆಂಟು ತುಂಬಿ. ಚಪ್ಪಡಿಯೂ ಹೊರಕ್ಕೇ ವಾಲಿರಬೇಕು.

ಮಧುಗಿರಿ ಬೆಟ್ಟ ಇಡೀ ಒಂದೇ ಬಂಡೆ. ಅದರ ಮೇಲೆ ಬಿದ್ದ ನೀರು ಇಂಗುವುದಿಲ್ಲ, ಕೆಳಗೆ ಧುಮುಕುತ್ತದೆ. ಬೆಟ್ಟಗುಡ್ಡಗಳ ಬುಡದಲ್ಲಿ ಮನೆ ಇರುವವರು ಹಿತ್ತಿಲಿನ ಮೇಲ್ಭಾಗದಲ್ಲಿ ಅಡ್ಡ ಕಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಲೇಬೇಕು.

ಗೋಡೆಯಿಂದ ದೂರ ಒಯ್ದ ನೀರನ್ನು ಬೀದಿಗೆ ಬಿಡಬೇಡಿ, ಹಿಡಿದಿಡಿ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 1,000 ಚದರಡಿ ತಾರಸಿಗೆ 10 ಮಿ.ಮೀ. ಮಳೆ ಬಂದರೆ 930 ಲೀಟರ್. ಸೋರಿ ಆರಿ ಹೋದದ್ದನ್ನು ಕಳೆದರೂ 750 ಲೀಟರ್‌ಗೆ ಮೋಸವಿಲ್ಲ. ಕೊಳವೆಬಾವಿಯ ನೀರು ಕುಡಿದು ಹಲ್ಲು ಕಂದಿದ ಮಕ್ಕಳನ್ನು ಪಾವಗಡದಲ್ಲಿ ಕಂಡವರಿಗೆ ಈ ಲೆಕ್ಕದ ಬೆಲೆ ಗೊತ್ತು. ಲೀಟರ್‌ಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಇರುವ ನೀರು ಕುಡಿಯಲು ಆಗದು, ಕುದಿಸಿದರೂ ಫ್ಲೋರೈಡ್ ಹೋಗದು. ಮೋಡದಿಂದ ಬಿದ್ದ ನೀರಿನಲ್ಲಿ ಆ ಕಾಟವಿಲ್ಲ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಜಲ್ಲಿ, ಮರಳು, ಇದ್ದಿಲಿನಲ್ಲಿ ಸೋಸಿ ಸಂಪಿಗೆ ತುಂಬಿಸಿ. ಕುಡಿಯುವ ಮುಂಚೆ ಕುದಿಸಿ. ಮಣ್ಣಿನ ಮಾಳಿಗೆಯ ನೀರು ದನಕ್ಕೆ, ಗಿಡಕ್ಕೆ ಇರಲಿ.

ಸಂಪಿನ ಮುಚ್ಚಳ ಭದ್ರವಾಗಿರಲಿ, ಗಾಳಿಕೊಳವೆಗೆ ಸೊಳ್ಳೆಬಲೆ ಕಟ್ಟಿ.

ಮಾಡಬಾರದ್ದು

ಮಾಳಿಗೆಯ ನೀರನ್ನು ಪಕ್ಕದವರ ಗೋಡೆಗೆ ಬಿಡಬೇಡಿ. ಅವರ ಗೋಡೆ ಬಿದ್ದರೆ ಅದರಡಿ ಮಲಗಿರುವವರೂ ನಮ್ಮ ಊರಿನವರೇ.

ಅಂಗಳದ ಕೊಳೆನೀರನ್ನು ನೇರವಾಗಿ ಕೊಳವೆಬಾವಿಗೆ ಇಳಿಸಬೇಡಿ. ಇಂಗುಗುಂಡಿಯನ್ನು ಗೋಡೆಯಿಂದ ಹತ್ತಡಿಗಿಂತ ಹತ್ತಿರ ತೆಗೆಯಬೇಡಿ. ಶೌಚದ ಗುಂಡಿಗೆ ಮಳೆನೀರು ಸೇರಿಸಬೇಡಿ, ಅದು ಉಕ್ಕಿ ಬೀದಿಗೆ ಬರುತ್ತದೆ.

ಹಳೆಯ ಸಿಸಿ ರಸ್ತೆಯ ಮೇಲೆಯೇ ಹೊಸ ರಸ್ತೆ ಹಾಕಲು ಬಿಡಬೇಡಿ. ಹಳ್ಳಿಹಳ್ಳಿಗಳಲ್ಲಿ ಇದೇ ಆಗುತ್ತಿದೆ: ಪ್ರತಿ ಸಲವೂ ರಸ್ತೆ ಅರ್ಧ ಅಡಿ ಏರುತ್ತದೆ, ಹಿಂದೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಇಳಿದು ಹೋಗಬೇಕು. ಹೊಸ್ತಿಲಿಗೆ ಮರಳಿನ ಮೂಟೆ ಇಟ್ಟುಕೊಂಡು ಎಷ್ಟು ವರ್ಷ ಬಾಳುವುದು? ಹಳೆಯದನ್ನು ಅಗೆದು ತೆಗೆಯಿರಿ, ಎರಡೂ ಬದಿ ಚರಂಡಿ ಮಾಡಿ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ.

ರಾಜಕಾಲುವೆ ಒತ್ತಿ ಕೊಟ್ಟಿಗೆ ಕಟ್ಟಬೇಡಿ. ಕೆರೆಯಲ್ಲಿ ಇನ್ನಷ್ಟು ನೀರು ನಿಲ್ಲಲಿ ಎಂದು ಕೋಡಿಗೆ ಅಡ್ಡ ಮೂಟೆ ಪೇರಿಸಬೇಡಿ. ಏರಿ ಒಡೆದರೆ ಕೆಳಗಿನ ಊರು ಉಳಿಯದು.

ಮಳೆ ಸುರಿಯುವಾಗ

ಗೋಡೆಯಲ್ಲಿ ಹೊಸ ಬಿರುಕು ಕಂಡರೆ, ಉಬ್ಬಿದರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ ಪಾತ್ರೆ ಸಾಮಾನು ನೋಡದೆ ಹೊರಗೆ ಬನ್ನಿ. ಶಾಲೆಗೋ ಸಮುದಾಯ ಭವನಕ್ಕೋ ಹೋಗಿ. ಮಳೆ ನಿಂತಿತಲ್ಲ ಎಂದು ಅದೇ ರಾತ್ರಿ ವಾಪಸ್ಸಾಗಬೇಡಿ, ನೆನೆದ ಗೋಡೆ ಮಳೆ ನಿಂತ ಮೇಲೂ ಬೀಳುತ್ತದೆ. ಒದ್ದೆ ಗೋಡೆಯ ಸ್ವಿಚ್ ಮುಟ್ಟಬೇಡಿ. ಹರಿಯುವ ಹಳ್ಳಕ್ಕೆ ಬೈಕು ಇಳಿಸಬೇಡಿ. ಅಪಾಯ ಕಂಡರೆ 112ಕ್ಕೆ ಕರೆ ಮಾಡಿ.

ಮನೆ ಬಿದ್ದರೆ ಅವಶೇಷ ತೆಗೆಯುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಅದೇ ದಿನ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.