ಬೋರ್ಡು ಕಂಪನಿಯದು, ಅಂಗಡಿ ನಿಮ್ಮದು, ವಿಮೆ?

ಹೆಸರಾಂತ ಬ್ರ್ಯಾಂಡಿನ ಬಟ್ಟೆಯಂಗಡಿಗೆ ಫ್ರಾಂಚೈಸಿ ಹಿಡಿಯುವವರು ಅಡ್ವಾನ್ಸು, ಬಾಡಿಗೆ, ಇಂಟೀರಿಯರ್ ಅಂತ ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾರೆ. ಒಪ್ಪಂದದ ಕೊನೆಯ ಪುಟಗಳಲ್ಲಿ ಅಡಗಿರುವ ವಿಮೆಯ ಕಲಂ ಮಾತ್ರ ಸಹಿ ಬಿದ್ದ ಮೇಲೂ ಓದದೆ ಉಳಿದಿರುತ್ತದೆ. ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಹಾಗಾಗಿ ಯಾವ ವಿಮೆ, ಎಷ್ಟು ಮೊತ್ತಕ್ಕೆ, ಯಾರ ಹೆಸರಲ್ಲಿ ಎಂಬುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ.

ಮೊದಲು ಗೊತ್ತುಮಾಡಿಕೊಳ್ಳಬೇಕಾದ್ದು ಮಾಲು ಯಾರದು ಎಂಬುದನ್ನು. ದುಡ್ಡು ಕೊಟ್ಟು ತಂದದ್ದಾದರೆ ವಿಮೆ ಅಂಗಡಿಯವರ ಹೊಣೆ. ಕನ್‌ಸೈನ್‌ಮೆಂಟ್ ಮೇಲೆ ಬಂದದ್ದು ಮಾರಾಟವಾಗುವ ತನಕ ಕಂಪನಿಯ ಸೊತ್ತು. ಸ್ವಂತ ಸರಕಿಗಷ್ಟೇ ಮಾಡಿಸಿದ ಪಾಲಿಸಿ ಅದನ್ನು ಕಾಯುವುದಿಲ್ಲ. ‘ವಶದಲ್ಲಿರುವ ಇತರರ ಸರಕು’ ಅಂತಲೂ ಬರೆಸಬೇಕು, ಇಲ್ಲವೇ ಕಂಪನಿ ಮಾಡಿಸಿರುವ ಪಾಲಿಸಿಯ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಬೇಕು.

ಎರಡನೆಯದು ಬೆಂಕಿ ವಿಮೆ. ಒಂದು ಜಾಗದಲ್ಲಿರುವ ಆಸ್ತಿಯ ಮೌಲ್ಯ 5 ಕೋಟಿ ರೂ. ಮೀರದಿದ್ದರೆ 2021ರ ಏಪ್ರಿಲ್ 1ರಿಂದ ಬಂದಿರುವ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಇದೆ. ಭೂಕಂಪ, ಬಿರುಗಾಳಿ, ನೆರೆಯೂ ಅದರೊಳಗೇ ಬರುತ್ತವೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾದದ್ದನ್ನು ಕಂಡವರಿಗೆ, ಬೇಸ್‌ಮೆಂಟಿನಲ್ಲಿ ಸ್ಟಾಕ್ ಇಡುವುದು ಎಂಥ ಧೈರ್ಯ ಎಂದು ಬಿಡಿಸಿ ಹೇಳಬೇಕಿಲ್ಲ.

ಹೆಚ್ಚಿನವರು ಎಡವುವುದು ಮೊತ್ತದಲ್ಲಿ. ಅಂಗಡಿಯಲ್ಲಿ 20 ಲಕ್ಷದ ಮಾಲಿದೆ, ಪ್ರೀಮಿಯಂ ಉಳಿಸಲು 10 ಲಕ್ಷಕ್ಕೆ ವಿಮೆ ಮಾಡಿಸಿದ್ದಾರೆ ಎನ್ನೋಣ. 4 ಲಕ್ಷದ ಮಾಲು ಸುಟ್ಟರೆ ಕೈಗೆ ಬರುವುದು ಸುಮಾರು 2 ಲಕ್ಷ. ಶೇ 15ರೊಳಗಿನ ಕೊರತೆಯನ್ನು ಸೂಕ್ಷ್ಮ ಉದ್ಯಮ ಪಾಲಿಸಿ ಮನ್ನಿಸುತ್ತದೆ, ಅರ್ಧಕ್ಕರ್ಧವನ್ನಲ್ಲ. ದೀಪಾವಳಿಗೆ ಸ್ಟಾಕ್ ದುಪ್ಪಟ್ಟಾಗುವ ಮುಂಚೆಯೇ ಮೊತ್ತ ಏರಿಸಬೇಕು. ಹೆಚ್ಚುವರಿ ಬಂಡಲುಗಳನ್ನು ಮನೆಯ ಹಿಂದಿನ ಶೆಡ್ಡಿಗೆ ಸಾಗಿಸಿದರೆ ಆ ವಿಳಾಸವೂ ಪಾಲಿಸಿಯಲ್ಲಿರಬೇಕು.

ಕಳ್ಳತನದ್ದು ಬೇರೆ ಕಥೆ. ಬರ್ಗ್ಲರಿ ಪಾಲಿಸಿ ಕೇಳುವುದು ಮುರಿದ ಶಟರಿನ ಗುರುತನ್ನು. ಗಿರಾಕಿ ಚೀಲಕ್ಕೆ ಸೇರಿಸಿಕೊಂಡ ಅಂಗಿಗೆ ಅದರಲ್ಲಿ ಸಾಮಾನ್ಯವಾಗಿ ಪರಿಹಾರವಿಲ್ಲ. ಕೆಲಸದವರೇ ಕೈಹಾಕಿದರೆ ಫಿಡೆಲಿಟಿ ಗ್ಯಾರಂಟಿ ಬೇಕು. ಇವೆರಡರ ಜತೆ ನಗದು, ಗಾಜು, ಬೋರ್ಡುಗಳನ್ನೂ ಸೇರಿಸಿ ಕೊಡುವ ‘ಶಾಪ್‌ಕೀಪರ್’ ಪ್ಯಾಕೇಜೇ ಅನುಕೂಲ.

ಸಿಬ್ಬಂದಿ ಹತ್ತಾದರೆ, 21,000 ರೂ. ವರೆಗಿನ ಸಂಬಳದವರಿಗೆ ಇಎಸ್‌ಐ: ಮಾಲೀಕರಿಂದ ಶೇ 3.25, ನೌಕರರಿಂದ ಶೇ 0.75. ಅದಕ್ಕಿಂತ ಕಡಿಮೆ ಜನರಿದ್ದರೆ ನೌಕರರ ಪರಿಹಾರ ಪಾಲಿಸಿ. ಒರೆಸಿದ ನೆಲದಲ್ಲಿ ಗಿರಾಕಿ ಜಾರಿ ಬಿದ್ದರೆ ಬೇಕಾಗುವುದು ಪಬ್ಲಿಕ್ ಲಯಬಿಲಿಟಿ. ಇದರಲ್ಲಿ ತನ್ನ ಹೆಸರೂ ಇರಲಿ ಎಂದು ಬ್ರ್ಯಾಂಡ್ ಕಂಪನಿ ಕೇಳುವುದುಂಟು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದೋಷಪೂರಿತ ಮಾಲಿಗೆ ಕೆಲವು ಸಂದರ್ಭಗಳಲ್ಲಿ ಮಾರಿದವರೂ ಹೊಣೆ.

ಇಷ್ಟೆಲ್ಲ ಮಾಡಿಸಿಯೂ ನಷ್ಟವಾದ ದಿನ ಅವಸರದಲ್ಲಿ ಒದ್ದೆ ಬಟ್ಟೆಗಳನ್ನು ಕಸದ ಲಾರಿಗೆ ಹಾಕಿಬಿಡುವವರಿದ್ದಾರೆ. ಮೊದಲು ಫೋಟೊ ತೆಗೆದು ವಿಮಾ ಕಂಪನಿಗೆ ತಿಳಿಸಬೇಕು. ಸರ್ವೇಯರ್ ನೋಡುವವರೆಗೆ ಮಾಲು ಅಲ್ಲೇ ಇರಲಿ. ಖರೀದಿ ಬಿಲ್ಲು, ಸ್ಟಾಕ್ ಲೆಕ್ಕದ ಇನ್ನೊಂದು ಪ್ರತಿ ಅಂಗಡಿಯ ಹೊರಗಿರಬೇಕು. ಬ್ಯಾಂಕ್ ಸಾಲವಿದ್ದರೆ ಪರಿಹಾರ ಸಾಮಾನ್ಯವಾಗಿ ಮೊದಲು ಸಾಲದ ಖಾತೆಗೇ ಹೋಗುತ್ತದೆ. ಕ್ಲೇಮು ತಿರಸ್ಕೃತವಾಗಿ, ವಿಮಾ ಕಂಪನಿಗೆ ದೂರು ಕೊಟ್ಟರೂ ಬಗೆಹರಿಯದಿದ್ದರೆ, ಒಬ್ಬರೇ ಮಾಲೀಕರಿರುವ ಅಂಗಡಿಯವರು ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ಅರ್ಜಿ ಹಾಕಬಹುದು.