ಎಲ್ಲರಿಗೂ ಒಪ್ಪುವ ಬೀಚ್ ಹುಡುಕಿ ಸೋತಿದ್ದೇನೆ

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯದ ಪಾಮ್ ಡೆಸರ್ಟ್‌ನಲ್ಲಿ. ಕುಮಟಾದಿಂದ ಅತ್ತೆ, ಮಾವ ಬಂದು ತಿಂಗಳಾಯಿತು. ಹೊರಗೆ 43 ಡಿಗ್ರಿ ಬಿಸಿಲು. ದಿನವಿಡೀ ಎ.ಸಿ.ಯಲ್ಲಿ ಕೂತು ಅತ್ತೆ ಮಂಕಾಗಿದ್ದಾರೆ. ‘ಒಂದ್ಸಲ ಸಮುದ್ರ ನೋಡ್ಬೇಕು ಮಾರಾಯ್ತಿ’ ಎನ್ನುತ್ತಾರೆ. ಮಾವನಿಗೆ ಮಂಡಿನೋವು, ಮಗನಿಗೆ ದೊಡ್ಡ ಅಲೆ ಬೇಕು, ನಮ್ಮವರಿಗೆ ಲಾ ಹೋಯಾನೇ ಆಗಬೇಕು. ಹೋದ ವರ್ಷ ನನ್ನ ಮಾತಿನಂತೆ ಲಗೂನಾ ಬೀಚ್‌ಗೆ ಹೋಗಿ, ಪಾರ್ಕಿಂಗ್ ಸಿಗದೆ ಸುತ್ತಿ ಸುತ್ತಿ ಎಲ್ಲರ ತಲೆ ಕೆಟ್ಟಿತ್ತು. ‘ನಿನ್ನ ಮಾತು ಕೇಳಿದ್ದೇ ತಪ್ಪು’ ಎಂದು ನಮ್ಮವರು ಅಂದಿದ್ದರು. ಈಗ ರಾತ್ರಿಯೆಲ್ಲ ಫೋನ್ ಹಿಡಿದು ಒಂದೊಂದೇ ಬೀಚ್ ಬಗ್ಗೆ ಓದುತ್ತೇನೆ. ನಿದ್ದೆ ಹತ್ತುವುದಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಹೀಗಾಗಬಹುದೇ?
– ಹೆಸರು ಬೇಡ

ಉತ್ತರ: ಆಗಬಹುದು. ಅದಕ್ಕೆ ನಾಚಿಕೊಳ್ಳಬೇಕಾದ್ದೇನೂ ಇಲ್ಲ. ಮನೆಮಂದಿಯ ಖುಷಿಯನ್ನೆಲ್ಲ ಒಬ್ಬರೇ ತಲೆಯ ಮೇಲೆ ಹೊತ್ತರೆ ಯಾರಿಗಾದರೂ ಕುತ್ತಿಗೆ ನೋಯುತ್ತದೆ. ನಿಮ್ಮ ಪತ್ರ ಓದಿದಾಗ ನನಗನ್ನಿಸಿದ್ದು ಇದು: ಬೀಚ್ ಆರಿಸುವುದು ಕಷ್ಟವಾಗಿರುವುದಕ್ಕೆ ಕಾರಣ ಹೋದ ವರ್ಷದ ಆ ಒಂದು ಮಾತು. ನಿಮ್ಮವರು ಬಹುಶಃ ಅದನ್ನು ಅಂದೇ ಮರೆತಿದ್ದಾರೆ. ನೀವು ಮರೆತಿಲ್ಲ. ಮತ್ತೆ ಅಂಥದ್ದು ಕೇಳಬಾರದೆಂದು ಯಾರೂ ಗೊಣಗದ ಕಡಲತೀರವೊಂದನ್ನು ಹುಡುಕುತ್ತಿದ್ದೀರಿ. ಐದು ಜನರ ಸಂಸಾರಕ್ಕೆ ಅಂಥದ್ದು ಸಿಗುವುದಿಲ್ಲ.

ಹಾಗಾಗಿ ಪ್ರಶ್ನೆಯನ್ನೇ ಕಿರಿದು ಮಾಡಿ. ಈ ಒಂದು ದಿನ ಯಾರಿಗಾಗಿ? ಅತ್ತೆಯವರಿಗಾಗಿ. ಹುಟ್ಟಿದಾಗಿನಿಂದ ಅಲೆಯ ಸದ್ದು ಕೇಳಿದವರು ಈಗ ಎ.ಸಿ.ಯ ಸದ್ದು ಕೇಳುತ್ತ ಕೂತಿದ್ದಾರೆ. ಅವರು ಕೇಳಿದ್ದು ಸಮುದ್ರವನ್ನು, ಅಂದದ ಜಾಗವನ್ನಲ್ಲ. ಅವರ ಜೊತೆ ಮಾವನ ಮಂಡಿಯನ್ನೂ ಲೆಕ್ಕಕ್ಕೆ ಹಿಡಿದರೆ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ. ಲಾ ಹೋಯಾ ಚೆಂದ, ನಿಜ. ಆದರೆ ಅಲ್ಲಿನ ಕೋವ್ ಎಂಬ ಪುಟ್ಟ ಕೊಲ್ಲಿಗೆ ಮೆಟ್ಟಿಲಿಳಿಯಬೇಕು. ಲಗೂನಾದ ಎಷ್ಟೋ ತೀರಗಳೂ ಹಾಗೆಯೇ; ಒಂದಕ್ಕೆ ‘ಥೌಸಂಡ್ ಸ್ಟೆಪ್ಸ್’ ಎಂದೇ ಹೆಸರು, ಇರುವುದು ಇನ್ನೂರು ಚಿಲ್ಲರೆ ಮೆಟ್ಟಿಲಾದರೂ ಮಾವನಿಗೆ ಅಷ್ಟೇ ಹೆಚ್ಚಾಯಿತು! ನನ್ನನ್ನು ಕೇಳಿದರೆ ಹಂಟಿಂಗ್ಟನ್ ಬೀಚ್ ಎನ್ನುತ್ತೇನೆ. ಮರಳು ಅಗಲವಾಗಿ ಸಮತಟ್ಟಾಗಿದೆ, ಪಾರ್ಕಿಂಗ್ ತೀರಕ್ಕೆ ತಾಗಿಕೊಂಡೇ ಇದೆ. ಸಮುದ್ರದೊಳಕ್ಕೆ ಅರ್ಧ ಕಿಲೋಮೀಟರಿಗೂ ಹೆಚ್ಚು ಚಾಚಿದ ಕಾಂಕ್ರೀಟಿನ ಪಿಯರ್ ಇದೆ. ಮಾವ ಕಾಲಿಗೆ ಮರಳು ತಾಗಿಸದೆಯೇ ನಡುನೀರಿನ ಮೇಲೆ ನಿಲ್ಲಬಹುದು. ಮರಳಿನ ಮೇಲೆ ಓಡುವ ದಪ್ಪ ಚಕ್ರದ ಗಾಲಿಕುರ್ಚಿಗಳೂ ಸಿಗುತ್ತವೆ. ಮೊದಲೇ ಫೋನ್ ಮಾಡಿ ವಿಚಾರಿಸಿ. ಅಲೆ ಬೇಕೆನ್ನುವ ಮಗನಿಗೂ ಆಯಿತು. ಸರ್ಫಿಂಗ್‌ಗೆ ಹೆಸರಾದ ಊರು ಅದು.

ಹೊರಡುವ ಮುಂಚೆ ಎಲ್ಲರನ್ನೂ ಕೂರಿಸಿಕೊಂಡು ಕೆಲವು ಸಂಗತಿ ಹೇಳಿಬಿಡಿ. ಜೂನ್‌ನಲ್ಲಿ ಆ ಕರಾವಳಿಗೆ ಬೆಳಗಿನ ಹೊತ್ತು ಮೋಡ ಕವಿದಿರುತ್ತದೆ, ಎಷ್ಟೋ ದಿನ ಮಧ್ಯಾಹ್ನದವರೆಗೂ ಬಿಡುವುದಿಲ್ಲ. ನಿಮ್ಮಲ್ಲಿ 43 ಡಿಗ್ರಿ ಇದ್ದಾಗ ಅಲ್ಲಿ 20 ಇರಬಹುದು. ಅತ್ತೆಗೊಂದು ಶಾಲು, ಮಾವನಿಗೊಂದು ಸ್ವೆಟರ್ ಇರಲಿ. ನೀರು ಕುಮಟಾದ ಹಾಗೆ ಬೆಚ್ಚಗಿರುವುದಿಲ್ಲ, ಕಾಲಿಟ್ಟರೆ ಜುಮ್ಮೆನ್ನುತ್ತದೆ. ಇದೆಲ್ಲ ಮೊದಲೇ ಗೊತ್ತಿದ್ದರೆ ಮೋಡ ಕಂಡಾಗ ಯಾರೂ ನಿಮ್ಮ ಮುಖ ನೋಡುವುದಿಲ್ಲ. ಮಗ ಲೈಫ್‌ಗಾರ್ಡ್ ಗೋಪುರದ ಎದುರಿಗೇ ಆಡಲಿ. ನೀರು ಒಳಕ್ಕೆ ಎಳೆದರೆ ದಡದತ್ತ ಗುದ್ದಾಡದೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಬೇಕೆಂದು ಹೇಳಿಕೊಡಿ. ಮಳೆಗಾಲದ ಕಡಲಿಗೆ ಇಳಿಯಬಾರದೆಂಬ ಶಿಸ್ತಿನಲ್ಲಿ ಬೆಳೆದ ಅಜ್ಜಿಯ ಮಾತನ್ನು ಅವನು ಇನ್ನೂ ಚೆನ್ನಾಗಿ ಕೇಳಿಯಾನು.

ದಾರಿ ಮತ್ತು ಹೊತ್ತು, ಎರಡನ್ನೂ ನಿಮ್ಮವರಿಗೆ ವಹಿಸಿ. ಸುಮಾರು 190 ಕಿಲೋಮೀಟರ್. ರಸ್ತೆ ಖಾಲಿಯಿದ್ದರೆ ಎರಡು ತಾಸು ಚಿಲ್ಲರೆ. ಆದರೆ 91ನೇ ಹೆದ್ದಾರಿ ಯಾವಾಗ ಕಟ್ಟಿಕೊಳ್ಳುತ್ತದೋ ಹೇಳಲಾಗದು. ಬೆಳಿಗ್ಗೆ ಆರಕ್ಕೇ ಹೊರಡುವುದೋ, ಊಟ ಮುಗಿಸಿ ರಾತ್ರಿ ಮರಳುವುದೋ ಅವರೇ ತೀರ್ಮಾನಿಸಲಿ. ಆಗ ನಿರ್ಧಾರ ಇಬ್ಬರದೂ ಆಗುತ್ತದೆ. ಲಾ ಹೋಯಾಗೆ ಇನ್ನೊಮ್ಮೆ ನೀವಿಬ್ಬರೇ ಹೋಗಿ ಬನ್ನಿ.

ಹೋದ ವರ್ಷದ ಮಾತನ್ನು ಮಾತ್ರ ಒಳಗೇ ಇಟ್ಟುಕೊಳ್ಳಬೇಡಿ. ಜಗಳದ ಹೊತ್ತಲ್ಲ, ಸಮಾಧಾನದ ಹೊತ್ತು ನೋಡಿ ಹೇಳಿ: ‘ಅವತ್ತು ನೀವು ಹಾಗಂದಾಗಿನಿಂದ ಏನು ಆರಿಸುವುದಕ್ಕೂ ಹೆದರಿಕೆಯಾಗುತ್ತಿದೆ.’ ಇಷ್ಟು ಸಾಕು. ಬೇಕೆಂದೇ ನೋಯಿಸಿದವರಲ್ಲದಿದ್ದರೆ ಅವರಿಗೆ ಅರ್ಥವಾಗುತ್ತದೆ.

ಪ್ರವಾಸ ಮುಗಿದ ಮೇಲೂ ನಿದ್ದೆ ಬಾರದಿದ್ದರೆ, ತರಕಾರಿ ಕೊಳ್ಳುವಂಥ ಸಣ್ಣ ನಿರ್ಧಾರಕ್ಕೂ ಎದೆ ಹೊಡೆದುಕೊಳ್ಳುತ್ತಿದ್ದರೆ, ನಿಮ್ಮ ಕುಟುಂಬ ವೈದ್ಯರಿಗೆ ಹೇಳಿ ಆಪ್ತಸಮಾಲೋಚಕರನ್ನು ಕಾಣಿ. ಮನಸ್ಸು ತೀರಾ ಕಂಗೆಟ್ಟ ಹೊತ್ತಿನಲ್ಲಿ ಅಮೆರಿಕದಲ್ಲಿರುವವರು 988ಕ್ಕೆ, ಕರ್ನಾಟಕದಲ್ಲಿರುವವರು ಟೆಲಿ-ಮನಸ್‌ನ 14416ಕ್ಕೆ ಕರೆ ಮಾಡಬಹುದು. ಎರಡೂ ಉಚಿತ, ಹಗಲು ರಾತ್ರಿ ಇರುತ್ತವೆ.