ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್: ಗೇರ್ ಎಣ್ಣೆಯ ಆಯ್ಕೆ ಮತ್ತು ಅದರ ಲೆಕ್ಕಾಚಾರ

ಸರಕು ವಾಹನದ ಖರ್ಚುವೆಚ್ಚಗಳಲ್ಲಿ ಡೀಸೆಲ್, ಟೈರು, ವಿಮೆ ಇವು ಮಾಲೀಕನ ಗಮನಕ್ಕೆ ತಾವಾಗಿಯೇ ಬರುತ್ತವೆ. ಹಿಂದಿನ ಆಕ್ಸಲ್‌ನ ಹೌಸಿಂಗ್‌ನೊಳಗಿರುವ ಕೆಲವೇ ಲೀಟರ್ ಎಣ್ಣೆಯ ಆಯ್ಕೆಯನ್ನು ಮಾತ್ರ ಸಾಮಾನ್ಯವಾಗಿ ಮೆಕ್ಯಾನಿಕ್‌ಗೆ ಬಿಟ್ಟುಬಿಡಲಾಗುತ್ತದೆ. ಆತನಾದರೋ ಡ್ರಮ್ಮಿನಲ್ಲಿರುವ ‘90 ನಂಬರ್ ಎಣ್ಣೆ’ಯನ್ನು ತುಂಬಿ ಕಳುಹಿಸುತ್ತಾನೆ. ಸಾಮಾನ್ಯ ಡಿಫರೆನ್ಷಿಯಲ್‌ಗೆ ಇದರಿಂದ ಬಾಧಕವಾಗದೆ ಇರಬಹುದು. ಆದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುವ ವಾಹನದಲ್ಲಿ ಈ ಪದ್ಧತಿಯು ದುಬಾರಿಯಾಗಿ ಪರಿಣಮಿಸುವ ಸಾಧ್ಯತೆಯುಂಟು.

ತಿರುವಿನಲ್ಲಿ ಹೊರಬದಿಯ ಚಕ್ರವು ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಈ ವ್ಯತ್ಯಾಸಕ್ಕೆ ಅವಕಾಶ ಕಲ್ಪಿಸುವುದೇ ಡಿಫರೆನ್ಷಿಯಲ್‌ನ ಕೆಲಸ. ಒಂದು ಚಕ್ರ ಕೆಸರಿನಲ್ಲಿ ಹಿಡಿತ ತಪ್ಪಿದಾಗ ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಅದೊಂದೇ ತಿರುಗುತ್ತದೆ. ವಾಹನ ನಿಂತಲ್ಲೇ ನಿಲ್ಲುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೋಟದ ರಸ್ತೆಗೆ ಪಿಕಪ್ ಇಳಿಸಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇದಕ್ಕೆ ಪರಿಹಾರವಾಗಿ ಅಮೆರಿಕದ ಪ್ಯಾಕರ್ಡ್ ಕಂಪನಿಯು 1956ರ ಮಾದರಿಯ ಕಾರುಗಳಲ್ಲಿ ಲಿಮಿಟೆಡ್ ಸ್ಲಿಪ್ ವ್ಯವಸ್ಥೆಯನ್ನು ನೀಡಿತು. ಅತ್ಯಂತ ಪ್ರಚಲಿತವಾದ ಬಗೆಯಲ್ಲಿ ಸಣ್ಣ ಕ್ಲಚ್ ಪ್ಲೇಟುಗಳ ಕಟ್ಟೊಂದು ಎರಡು ಚಕ್ರಗಳ ನಡುವಿನ ವೇಗದ ವ್ಯತ್ಯಾಸವನ್ನು ತಡೆದು, ಹಿಡಿತವಿರುವ ಚಕ್ರಕ್ಕೂ ಬಲವನ್ನು ತಲುಪಿಸುತ್ತದೆ.

ಎಣ್ಣೆಯ ಸಮಸ್ಯೆ ಆರಂಭವಾಗುವುದು ಇಲ್ಲಿಯೇ. ಕ್ರೌನ್ ಮತ್ತು ಪಿನಿಯನ್‌ಗಳ ಹಲ್ಲುಗಳು ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ; ಅವುಗಳ ರಕ್ಷಣೆಗೆ ಗಂಧಕ ಹಾಗೂ ರಂಜಕದ ಸಂಯುಕ್ತಗಳುಳ್ಳ ಎ.ಪಿ.ಐ. ಜಿ.ಎಲ್.-5 ದರ್ಜೆಯ ಎಣ್ಣೆ ಬೇಕು. ಅದೇ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಪ್ಲೇಟುಗಳಿಗಾದರೋ ಹಿಡಿತವೂ ಬೇಕು, ನಯವೂ ಬೇಕು. ಬರಿಯ ಜಿ.ಎಲ್.-5 ತುಂಬಿದರೆ ಪ್ಲೇಟುಗಳು ಕಚ್ಚಿಕೊಂಡು ಬಿಡುತ್ತಾ, ನಿಧಾನವಾದ ತಿರುವಿನಲ್ಲಿ ಹಿಂಬದಿಯಿಂದ ಕಟಕಟ ಸದ್ದು ಹಾಗೂ ನಡುಕ ಉಂಟಾಗುತ್ತದೆ. ಇದನ್ನು ತಪ್ಪಿಸಲು ‘ಫ್ರಿಕ್ಷನ್ ಮಾಡಿಫೈಯರ್’ ಎಂಬ ಘರ್ಷಣೆ ನಿಯಂತ್ರಕವನ್ನು ಸೇರಿಸಲಾಗುತ್ತದೆ. ಅದು ಮೊದಲೇ ಸೇರಿರುವ ಎಣ್ಣೆಯ ಡಬ್ಬಿಯ ಮೇಲೆ ‘ಎಲ್.ಎಸ್.’ ಅಥವಾ ‘ಲಿಮಿಟೆಡ್ ಸ್ಲಿಪ್’ ಎಂದು ಮುದ್ರಿತವಾಗಿರುತ್ತದೆ.

ನಿಯಂತ್ರಕ ಹೆಚ್ಚಾದಷ್ಟೂ ಒಳ್ಳೆಯದೆಂದು ಭಾವಿಸುವವರೂ ಇದ್ದಾರೆ. ಇದು ತಪ್ಪು. ಪ್ರಮಾಣ ಮೀರಿದರೆ ಪ್ಲೇಟುಗಳು ಜಾರಿ, ಹಣ ತೆತ್ತು ಪಡೆದ ವ್ಯವಸ್ಥೆಯೇ ನಿಷ್ಪ್ರಯೋಜಕವಾಗುತ್ತದೆ. ಅಮೆರಿಕದ ಕೆಲವು ವಾಹನಗಳಿಗೆ ತಯಾರಕರು ಸೂಚಿಸಿರುವ ಪ್ರಮಾಣ ಕೇವಲ 4 ಔನ್ಸ್, ಅಂದರೆ ಸುಮಾರು 118 ಮಿ.ಲೀ. ಎಲ್.ಎಸ್. ಎಣ್ಣೆಗೆ, ತಯಾರಕರ ಸೂಚನೆಯಿಲ್ಲದೆ, ಮತ್ತೆ ನಿಯಂತ್ರಕವನ್ನು ಬೆರೆಸಬಾರದು.

ಇನ್ನು ನಂಬರಿನ ವಿಚಾರ. 80ಡಬ್ಲ್ಯು-90 ಎಂಬುದು ಗುಣಮಟ್ಟದ ಗುರುತಲ್ಲ, ಎಣ್ಣೆಯ ಮಂದತೆಯ ಗುರುತು. 90 ಎಂದರೆ 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 13.5ರಿಂದ 18.5 ಸೆಂಟಿಸ್ಟೋಕ್‌ನೊಳಗಿನ ಸ್ನಿಗ್ಧತೆ. 80ಡಬ್ಲ್ಯು ಎಂಬುದು ಶೂನ್ಯಕ್ಕಿಂತ 26 ಡಿಗ್ರಿ ಕೆಳಗಿನ ಚಳಿಗೆ ಸಂಬಂಧಿಸಿದ್ದು. ಕರ್ನಾಟಕದ ಹವೆಯಲ್ಲಿ ಎರಡನೆಯ ಅಂಕಿಯೇ ಮುಖ್ಯ. ಘಟ್ಟದಲ್ಲಿ ಭಾರ ಎಳೆಯುವುದೆಂದು ತಾನಾಗಿಯೇ 140ಕ್ಕೆ ಏರಿಸುವುದು ಸಲ್ಲದು. ಮಂದ ಎಣ್ಣೆಯನ್ನು ಕಡೆಯಲು ಇಂಧನ ವ್ಯಯವಾಗುತ್ತದೆ. ಅಂತೆಯೇ ಆಕ್ಸಲ್‌ನ ಜಿ.ಎಲ್.-5 ಎಣ್ಣೆಯನ್ನೇ ಗೇರ್‌ಬಾಕ್ಸಿಗೂ ಸುರಿಯುವ ರೂಢಿ ಕೆಲವೆಡೆ ಉಂಟು, ಜಿ.ಎಲ್.-4 ಕೇಳುವ ಗೇರ್‌ಬಾಕ್ಸಿನಲ್ಲಿ ಇದು ಕಂಚು, ಹಿತ್ತಾಳೆಯ ಬಿಡಿಭಾಗಗಳನ್ನು ಹಾಳುಮಾಡಬಲ್ಲದು.

ವಾಹನದಲ್ಲಿರುವುದು ಯಾವ ಬಗೆಯ ಡಿಫರೆನ್ಷಿಯಲ್? ಹಿಂದಿನ ಎರಡೂ ಚಕ್ರಗಳನ್ನು ಭದ್ರವಾಗಿ ಮೇಲೆತ್ತಿ, ನ್ಯೂಟ್ರಲ್‌ನಲ್ಲಿಟ್ಟು, ಒಂದನ್ನು ಕೈಯಿಂದ ತಿರುಗಿಸಿದರೆ ಸಾಮಾನ್ಯ ಬಗೆಯಲ್ಲಿ ಇನ್ನೊಂದು ವಿರುದ್ಧ ದಿಕ್ಕಿಗೂ, ಕ್ಲಚ್ ಪ್ಲೇಟಿನ ಬಗೆಯಲ್ಲಿ ಅದೇ ದಿಕ್ಕಿಗೂ ತಿರುಗುತ್ತದೆ. ಆದರೆ ಈ ಪರೀಕ್ಷೆಯನ್ನು ಪೂರ್ತಿ ನಂಬುವಂತಿಲ್ಲ. ಈಟನ್ ಕಂಪನಿಯ ಯಾಂತ್ರಿಕ ಲಾಕಿಂಗ್ ಡಿಫರೆನ್ಷಿಯಲ್, ಚಕ್ರಗಳ ವೇಗದ ಅಂತರ ನಿಮಿಷಕ್ಕೆ ಸುಮಾರು 100 ಸುತ್ತು ತಲುಪುವವರೆಗೆ ಸಾಮಾನ್ಯ ಬಗೆಯಂತೆಯೇ ವರ್ತಿಸುತ್ತದೆ. ಕೇವಲ ಗೇರುಗಳಿಂದ ಕೆಲಸ ಮಾಡುವ ಟಾರ್ಸೆನ್ ಬಗೆಗೆ ಘರ್ಷಣೆ ನಿಯಂತ್ರಕದ ಅಗತ್ಯವಿಲ್ಲ. ಮಣ್ಣು ಅಗೆಯುವ ಲೋಡರ್ ಯಂತ್ರಗಳಲ್ಲಿ ಬ್ರೇಕು ಕೂಡ ಆಕ್ಸಲ್‌ನ ಎಣ್ಣೆಯಲ್ಲೇ ಮುಳುಗಿರುವುದುಂಟು. ಅವುಗಳ ಎಣ್ಣೆಯೇ ಬೇರೆ. ಆದುದರಿಂದ ತಯಾರಕರ ಕೈಪಿಡಿಯೇ ಅಂತಿಮ ಪ್ರಮಾಣ.

ಲೆಕ್ಕಕ್ಕೆ ಬರುವುದಾದರೆ, ಆಕ್ಸಲ್‌ಗೆ 2 ಲೀಟರ್ ಎಣ್ಣೆ ಹಿಡಿಯುತ್ತದೆ, ಸೂಕ್ತ ಎಣ್ಣೆಗೆ ಲೀಟರಿಗೆ ರೂ. 300 ಹೆಚ್ಚು ಬೀಳುತ್ತದೆ, 40,000 ಕಿ.ಮೀ.ಗೊಮ್ಮೆ ಬದಲಿಸಲಾಗುತ್ತದೆ ಎಂದು ಉದಾಹರಣೆಗಾಗಿ ಭಾವಿಸಬಹುದು. ಹೆಚ್ಚುವರಿ ವೆಚ್ಚ ರೂ. 600, ಅಂದರೆ ಕಿ.ಮೀ.ಗೆ ಒಂದೂವರೆ ಪೈಸೆ. ಈ ಒಂದೂವರೆ ಪೈಸೆಯ ಉಳಿತಾಯಕ್ಕಾಗಿ ಪ್ಲೇಟಿನ ಕಟ್ಟನ್ನೇ ಬದಲಿಸುವ ಖರ್ಚನ್ನೂ, ಅಷ್ಟು ದಿನ ಬಾಡಿಗೆ ವಾಹನಕ್ಕೆ ತೆರುವ ಹಣವನ್ನೂ ಪಣಕ್ಕಿಡಲಾಗುತ್ತಿದೆ.

ಬಿಲ್ಲಿಲ್ಲದ ಬಿಡಿ ಎಣ್ಣೆಯಲ್ಲಿ ಮತ್ತೊಂದು ನಷ್ಟವಿದೆ. ಗೇರ್ ಎಣ್ಣೆಯ ಮೇಲಿನ ಜಿ.ಎಸ್.ಟಿ. ಶೇ. 18. ಸರಕು ಸಾಗಣೆಯ ವಾಹನಕ್ಕೆ ಬಳಸಿದಲ್ಲಿ, ನೋಂದಾಯಿತ ವ್ಯಾಪಾರಿಯು ತನ್ನ ಜಿ.ಎಸ್.ಟಿ. ಸಂಖ್ಯೆಯಿರುವ ಬಿಲ್ಲಿನ ಆಧಾರದ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯಲು ಅವಕಾಶವಿದೆ. ಕಾಂಪೊಸಿಷನ್ ಪದ್ಧತಿಯವರಿಗೆ ಇದು ಲಭ್ಯವಿಲ್ಲ. ಚಾಲಕನೂ ಸೇರಿ 13 ಜನರವರೆಗಿನ ಆಸನದ ಪ್ರಯಾಣಿಕ ವಾಹನಗಳ ಸರ್ವೀಸ್, ರಿಪೇರಿಯ ತೆರಿಗೆಗೂ, ಕಾನೂನಿನಲ್ಲಿ ಹೇಳಿರುವ ಕೆಲವು ಬಳಕೆಗಳನ್ನು ಬಿಟ್ಟು, ಜಮೆ ದೊರೆಯದು.

ಬದಲಿಸುವಾಗ ಹಳೆಯ ಎಣ್ಣೆಯನ್ನು ಹೊರಬಿಡುವ ಮುನ್ನ ಮೇಲಿನ ತುಂಬುವ ಬೋಲ್ಟು ಬಿಚ್ಚಿಕೊಳ್ಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು. ಅದು ತುಕ್ಕು ಹಿಡಿದು ಕುಳಿತಿದ್ದರೆ ಖಾಲಿ ಹೌಸಿಂಗ್‌ನೊಂದಿಗೆ ವಾಹನ ಷೆಡ್ಡಿನಲ್ಲೇ ಉಳಿಯುತ್ತದೆ. ತೆಗೆದ ಎಣ್ಣೆಯು 2016ರ ನಿಯಮಗಳನ್ವಯ ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿತವಾಗಿರುವುದರಿಂದ ಅದನ್ನು ಚರಂಡಿಗೆ ಬಿಡದೆ ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸತಕ್ಕದ್ದು.